ಕಟ್ಟು ಹಾಕುವವನ ರಸೀದಿ ಪುಸ್ತಕ

ಗ್ರ್ಯಾನ್‌ವಿಲ್ ಸ್ಟೇಷನ್ನಿನ ಹಿಂದೆ, ಕೋಳಿ ಸುಡುವ ಹೊಗೆಯ ಪಕ್ಕದಲ್ಲಿ
ನನ್ನ ಅಂಗಡಿ. ಗಾಜು, ಪಟ್ಟಿ, ಮೊಳೆ.
ಅಪ್ಪ ದಾವಣಗೆರೆಯಲ್ಲಿ ದೇವರ ಪಟಗಳಿಗೆ ಹಾಕುತ್ತಿದ್ದ ಕಟ್ಟನ್ನೇ
ನಾನು ಸಿಡ್ನಿಯಲ್ಲಿ ಹಾಕುತ್ತೇನೆ
ಮದುವೆ ಫೋಟೋಗೆ, ಡಿಗ್ರಿಗೆ, ಸತ್ತ ನಾಯಿಗೆ.

ವದಾದ್ ಸಬ್ಬಾಗ್ ಮೊದಲು ಬಂದದ್ದು
ರಸೀದಿ ನಂಬರು ಇನ್ನೂರ ಹದಿನಾಲ್ಕು.
ಟೊಮ್ಯಾಟೊ ಪೆಟ್ಟಿಗೆಯ ಮುಚ್ಚಳ, ಅದರ ಮೇಲೆ
ಹಸಿರು ಬಿಳಿ ಹಸಿರು ಬಿಳಿ ಪಟ್ಟೆ. ಅಷ್ಟೇ.
ಒಂದು ಹಸಿರು ಮಾತ್ರ ಬಿಸಿಲಿಗೆ ಸೋತ ಹಾಗೆ.
‘ಜಮಖಾನವಾ?’ ಅಂದೆ.
‘ಪರದೆ. ನಮ್ಮ ಬಾಲ್ಕನಿಯದು. ಬೇರೂತ್, ಮೂರನೇ ಮಹಡಿ.
ಎದುರು ಮನೆಯವರು ನೋಡಬಾರದೆಂದು ಅಮ್ಮ ಎಳೆಯುತ್ತಿದ್ದಳು,
ಎಳೆದು, ಸಂದಿಯಿಂದ ತಾನು ಅವರನ್ನು ನೋಡುತ್ತಿದ್ದಳು.’
ಹನ್ನೊಂದು ಡಾಲರು. ಚಿಲ್ಲರೆ ಎಣಿಸಿಟ್ಟ ಬೆರಳು
ಆಸ್ಪತ್ರೆಯ ಲಾಂಡ್ರಿಯಲ್ಲಿ ಸುಲಿದು ಬೆಳ್ಳಗಾಗಿತ್ತು.
ಸಬ್ಬಾಗ್ ಅಂದರೆ ಬಟ್ಟೆಗೆ ಬಣ್ಣ ಹಾಕುವವರಂತೆ,
ನಮ್ಮ ಕಡೆ ನೀಲಗಾರರು ಇದ್ದ ಹಾಗೆ.
‘ಕಸುಬು ಬಿಟ್ಟು ಮೂರು ತಲೆಮಾರು,
ಹೆಸರು ಮಾತ್ರ ಇನ್ನೂ ಬಣ್ಣ ಬಿಡುತ್ತದೆ.’

ಆರುನೂರ ಎರಡು: ಎರಡಡಿ ಹಲಗೆ. ಕಂದು ಪಟ್ಟೆ. ಸಾಲ.
ಆರುನೂರ ಮೂವತ್ತು: ಅದೇ ಹಲಗೆ, ಮೇಲೆ ಬೇರೆ ಬಣ್ಣ. ಸಾಲ.
ಎಂಟುನೂರ ಎಪ್ಪತ್ತು: ಚರ್ಚಿನ ಹಾಲಿನಲ್ಲಿ ಪ್ರದರ್ಶನ, ಹನ್ನೆರಡು ಚಿತ್ರ.
ಮಾರಿದ್ದು ಒಂದು. ಕೊಂಡವರು ಹಲ್ಲಿನ ಡಾಕ್ಟರು,
ಸೋಫಾಕ್ಕೆ ಹೊಂದುತ್ತದೆಂದು.
ಹಳೆ ಬಾಕಿಗೆ ಒಂದು ಭರಣಿ ಗುಲಾಬಿ ಬಣ್ಣದ ಟರ್ನಿಪ್ ಉಪ್ಪಿನಕಾಯಿ.
ಅನ್ನ ಸಾರಿಗೆ ಹಚ್ಚಿಕೊಂಡು ತಿಂದೆವು.
ಅದೂ ಹೊಂದಿತು.

ಆಮೇಲೆ ನಾಲ್ಕು ವರ್ಷ ರಸೀದಿಯಿಲ್ಲ.
ಒಂದು ಮಗು, ಇನ್ನೊಂದು ಮಗು, ಗಂಡನ ಬೆನ್ನುನೋವು.

ಮತ್ತೆ ಬಂದಾಗ ಚಿತ್ರ ಬಾಗಿಲಿಗಿಂತ ದೊಡ್ಡದು.
ಬಾಗಿಲನ್ನೇ ಕಳಚಿಟ್ಟೆ.
ಪ್ಯಾಡಿಂಗ್ಟನ್ನಿನ ಗ್ಯಾಲರಿಯಾಕೆ ಕಾರಿನಲ್ಲೇ ಕೂತು ಫೋನಿನಲ್ಲಿದ್ದಳು.
ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು.
ಕಿತ್ತಳೆ ರಸ ಹಿಡಿದು ಮೂಲೆಯಲ್ಲಿ ನಿಂತೆ.
ಒಬ್ಬರು ಹತ್ತು ನಿಮಿಷ ಓದಿದರು: ಅಮೂರ್ತ, ಜ್ಯಾಮಿತಿ,
ರೇಖೆಯ ಮೌನ, ಮತ್ತೆ ಜ್ಯಾಮಿತಿ.
ವದಾದ್ ಬಂದು ನನ್ನ ಕಿವಿಯಲ್ಲಿ
‘ಬಲಗಡೆಯಿಂದ ಮೂರನೇ ಪಟ್ಟೆಯ ಹಿಂದೆ ಅಮ್ಮ ನಿಂತಿದ್ದಾಳೆ.
ಯಾರಿಗೂ ಹೇಳಬೇಡ.’
ಇಷ್ಟು ದಿನ ಹೇಳಿರಲಿಲ್ಲ.

ಬೆಲೆಗೆ ಸೊನ್ನೆ ಸೇರುತ್ತಾ ಹೋಯಿತು.
ಒಂದು ದಿನ ಗ್ಯಾಲರಿಯವರೇ ಅಂದರು, ಇನ್ನು ಕಟ್ಟು ಬೇಡ,
ಈಗ ಅಂಚು ಬರಿದಾಗಿರುವುದೇ ಚೆಂದ.
ಹಾಗಾದರೂ ವದಾದ್ ಶುಕ್ರವಾರ ಬರುತ್ತಿದ್ದಳು
ಚಹಾಕ್ಕೆ. ಮರದ ಪುಡಿಯ ವಾಸನೆಗೆ ಅನ್ನುತ್ತಿದ್ದಳು.

ಆ ಆಗಸ್ಟ್. ಬಂದರು ಸಿಡಿದ ಮೂರನೇ ದಿನ
ಮಾಸ್ಕು ತೊಟ್ಟು, ಎರಡು ಚೀಲದಲ್ಲಿ
ತಾನು ಮಾರದೆ ಇಟ್ಟುಕೊಂಡ ಸಣ್ಣವನ್ನೆಲ್ಲ ಹೊತ್ತು ತಂದಳು,
ಹದಿನೇಳು.
‘ಗಾಜು ತೆಗೆ.’
ತಂಗಿ ಫೋನು ಮಾಡಿದ್ದಳಂತೆ. ಸಕ್ಕರೆ ಡಬ್ಬಿಯಲ್ಲಿ ಗಾಜು,
ಮಗುವಿನ ಕಾಲುಚೀಲದಲ್ಲಿ ಗಾಜು,
ಬಾಚಿದರೆ ಬಾಚಣಿಗೆಯಲ್ಲಿ ಗಾಜು.
ಪರದೆ ಮಾತ್ರ ಕಂಬಿಗೆ ನೇತಾಡುತ್ತಿದೆಯಂತೆ, ಹರಿಯದೆ.
ಅದು ಹೇಗೆಂದು ನಾನು ಕೇಳಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.
ಒಂದೊಂದೇ ಮೊಳೆ ಎಬ್ಬಿಸಿದೆ.
ಅವಳು ಕೊನೆಯವರೆಗೂ ನಿಂತೇ ಇದ್ದಳು.
ಕಟ್ಟು ಹಾಕುವುದಕ್ಕೆ ದರವಿದೆ, ಬಿಚ್ಚುವುದಕ್ಕೆ
ಅಪ್ಪನೂ ಹೇಳಿಕೊಟ್ಟಿರಲಿಲ್ಲ.
ರಸೀದಿಯಲ್ಲಿ ಬರೆದೆ: ಗಾಜು, ವಾಪಸು.

ಈಗ ಊರ ದೊಡ್ಡ ಗ್ಯಾಲರಿಯಲ್ಲಿ ಅವಳದೊಂದು ಗೋಡೆ.
ಶಾಲೆಯ ಮಕ್ಕಳು ಪಟ್ಟೆ ಎಣಿಸಿ ಜಗಳವಾಡುತ್ತಾರೆ,
ನಲವತ್ತೊಂದು, ಅಲ್ಲ ನಲವತ್ತು.
ಟೊಮ್ಯಾಟೊ ಮುಚ್ಚಳ ನನ್ನ ಗಲ್ಲಾಪೆಟ್ಟಿಗೆಯ ಮೇಲಿದೆ.
ಅವಳೇ ಕೊಟ್ಟಳು, ಗಾಜಿಲ್ಲದೆ.
ಪಕ್ಕದ ಹೊಗೆಗೆ ಬಿಳಿ ಪಟ್ಟೆ ಹಳದಿಗೆ ತಿರುಗಿದೆ.
ಒದ್ದೆ ಹತ್ತಿ ತಂದು ಒರೆಸಹೋದೆ,
ಚಹಾ ಕೆಳಗಿಟ್ಟು ಕೈ ಹಿಡಿದಳು:
‘ಬಿಡು.
ಅಲ್ಲೂ ಕೆಳಗಡೆ ಕೋಳಿ ಅಂಗಡಿ ಇತ್ತು.’